ಹಸಿರು ಮನೆ ಕಟ್ಟೋರಿಗೆ: ಮೊದಲು ಮಣ್ಣು ನೋಡಿ, ಆಮೇಲೆ ಮೊಬೈಲು

ತುಮಕೂರಲ್ಲಿ ಮನೆ ಕಟ್ಟುವ ಕೆಲಸದ ಮೇಲ್ವಿಚಾರಣೆ ನನ್ನ ಹೊಟ್ಟೆಪಾಡು. ಸಿವಿಲ್ ಡಿಪ್ಲೊಮಾ ಮುಗಿಸಿದಾಗಿನಿಂದ ಸೈಟಿನಲ್ಲೇ ಇದ್ದೇನೆ. ಈಚೆಗೆ ಫೋನ್ ಮಾಡುವವರೆಲ್ಲ ಒಂದೇ ಮಾತು ಕೇಳುತ್ತಾರೆ: “ಅಕ್ಕಾ, ಪರಿಸರಕ್ಕೆ ಹೊಂದುವಂಥ ಮನೆ ಕಟ್ಟೋಣ ಅಂತಿದೀವಿ. ಎಲ್ಲಿ ನೋಡೋದು, ಯಾರನ್ನ ಕೇಳೋದು?” ಅಷ್ಟು ಹೊತ್ತಿಗೆ ಅವರ ಮೊಬೈಲಿನಲ್ಲಿ ರಾಶಿ ಫೋಟೋ ಸೇರಿರುತ್ತವೆ. ಬಾಲಿಯ ಬಿದಿರಿನ ಮನೆ, ರಾಜಸ್ಥಾನದ ಸುಣ್ಣದ ಗೋಡೆ, ಕೇರಳದ ಜಂಬಿಟ್ಟಿಗೆ ಮನೆ. ಎಲ್ಲವೂ ಚೆಂದ. ಸೈಟು ಮಾತ್ರ ಶಿರಾ ಗೇಟ್ ಹತ್ತಿರದ 30×40.

‘ಹಸಿರು ಮನೆ’ ಅಂತ ಹುಡುಕಿದರೆ ಸಿಗುವುದು ಮಾರಾಟಗಾರರು. ನಿಮ್ಮ ಮಣ್ಣು, ನಿಮ್ಮ ಸುತ್ತಲಿನ ಕಲ್ಲು, ನಿಮ್ಮ ತಾಲ್ಲೂಕಿನ ಮಳೆ, ಇವುಗಳ ಹೆಸರು ಹಿಡಿದು ಹುಡುಕಿದರೆ ಕೆಲಸಕ್ಕೆ ಬರುವ ಮಾಹಿತಿ ತಾನಾಗಿ ಸಿಗುತ್ತದೆ. ನಾನು ಹೇಳುವ ಉಪಾಯ ಇದೊಂದೇ. ಉಳಿದದ್ದೆಲ್ಲ ಇದರ ವಿವರ.

ಸೈಟಿನ ಮಣ್ಣಿನಿಂದ ಶುರು

ಯಾವ ಆರ್ಕಿಟೆಕ್ಟ್ ಹತ್ತಿರ ಹೋಗುವ ಮೊದಲೂ ಒಂದು ಕೆಲಸ ಮಾಡಿ. ಸೈಟಿನಲ್ಲಿ ಮೇಲಿನ ಒಂದೆರಡು ಅಡಿ ಮಣ್ಣು ತೆಗೆದುಹಾಕಿ. ಅದರಲ್ಲಿ ಬೇರು, ಕಸ, ಗೊಬ್ಬರ ಇರುತ್ತೆ, ಕಟ್ಟಡಕ್ಕೆ ಬರಲ್ಲ. ಅದರ ಕೆಳಗಿನ ಮಣ್ಣನ್ನು ಒಂದು ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ತುಂಬಿ. ಬದಿ ನೆಟ್ಟಗಿರುವ ಬಾಟಲಿ ಆಗಬೇಕು, ಹಾರ್ಲಿಕ್ಸ್ ಬಾಟಲಿ ಸಾಕು. ನೀರು ಹಾಕಿ, ಚಿಟಿಕೆ ಉಪ್ಪು ಹಾಕಿ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ. ಅಲುಗಾಡದ ಜಾಗದಲ್ಲಿ ಇಡಿ. ಒಂದು ನಿಮಿಷದೊಳಗೆ ತಳದಲ್ಲಿ ಕೂತದ್ದು ಮರಳು. ಅದಕ್ಕೆ ಹೊರಗಿನಿಂದ ಪೆನ್ನಿನಲ್ಲಿ ಗೀಟು ಹಾಕಿ. ಆಮೇಲೆ ಕೆಲವು ಗಂಟೆಗಳಲ್ಲಿ ನುಣುಪು ಹುಡಿ ಕೂರುತ್ತದೆ. ಮಾರನೇ ದಿನ ಎಲ್ಲಕ್ಕಿಂತ ಮೇಲೆ ತೆಳ್ಳಗೆ ಕಾಣುವುದು ಜೇಡಿ.

ಸಿಮೆಂಟ್ ಬೆರೆಸಿ ಮಣ್ಣಿನ ಬ್ಲಾಕ್ ಒತ್ತಬೇಕಾದರೆ ಮರಳು ಮುಕ್ಕಾಲು ಭಾಗಕ್ಕೆ ಹತ್ತಿರ ಇರಬೇಕು, ಜೇಡಿ ಶೇ. 10ರಿಂದ 15ರ ಆಸುಪಾಸು. ಜೇಡಿ ಜಾಸ್ತಿ ಇದ್ದರೆ ಮಣ್ಣು ಕೆಟ್ಟದ್ದು ಅಂತಲ್ಲ, ಎಂ-ಸ್ಯಾಂಡೋ ಕ್ವಾರಿ ಪುಡಿಯೋ ಸೇರಿಸಿ ಸರಿ ಮಾಡಬಹುದು. ನಮ್ಮ ಕಡೆಯ ಕೆಂಪು ಮಣ್ಣು ಈ ಕೆಲಸಕ್ಕೆ ಸಾಮಾನ್ಯವಾಗಿ ಒಗ್ಗುತ್ತದೆ. ಎರೆಮಣ್ಣಿನ ಸೀಮೆಯವರು ಹುಷಾರು. ಅದು ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಬಿರಿಯುತ್ತೆ. ಅದಕ್ಕೆ ಸುಣ್ಣ ಬೇಕು, ಅದರ ಲೆಕ್ಕವೇ ಬೇರೆ. ಬೆಂಗಳೂರಿನ ಮಣ್ಣಿನ ಮನೆಯ ವಿಡಿಯೋ ನೋಡಿ ಗದಗಿನಲ್ಲಿ ಅದೇ ಪಾಕ ಮಾಡಲು ಹೋಗಬೇಡಿ.

ಈ ಬಾಟಲಿಯ ಫೋಟೋ ಒಂದು ನಿಮ್ಮ ಹತ್ತಿರ ಇದ್ದರೆ ಮುಂದೆ ಯಾರ ಹತ್ತಿರ ಹೋದರೂ ಮಾತು ಬೇಗ ನೇರಕ್ಕೆ ಬರುತ್ತದೆ. “ನನಗೆ ಇಕೋ ಹೌಸ್ ಬೇಕು” ಅಂದರೆ ಎದುರಿನವರು ಬ್ರೋಷರ್ ತೆಗೆಯುತ್ತಾರೆ. “ನನ್ನ ಮಣ್ಣಲ್ಲಿ ಜೇಡಿ ಇಷ್ಟಿದೆ, ಬ್ಲಾಕ್ ಆಗುತ್ತಾ?” ಅಂದರೆ ಕುರ್ಚಿ ಎಳೆದು ಕೂರುತ್ತಾರೆ.

ಮಣ್ಣಿನ ವಿದ್ಯೆ ಹತ್ತಿರದಲ್ಲೇ ಇದೆ

ಹಳ್ಳಿ ಕಡೆಯವರಿಗೆ ಅಸ್ತ್ರ ಒಲೆ ಗೊತ್ತಲ್ವಾ? ಹೊಗೆ ಕೊಳವೆಯಲ್ಲಿ ಹೊರಗೆ ಹೋಗುವ ಆ ಒಲೆ. ಆ ‘ಅಸ್ತ್ರ’ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಟಾಟಾ ಇನ್‌ಸ್ಟಿಟ್ಯೂಟ್ ಅಂತ ನಾವು ಕರೆಯುವಲ್ಲಿ, 1974ರಲ್ಲಿ ಅಮೂಲ್ಯ ರೆಡ್ಡಿಯವರು ಕಟ್ಟಿದ ವಿಭಾಗ. ಅವರ ವಿಸ್ತರಣಾ ಕೇಂದ್ರ ಇದ್ದದ್ದು ನಮ್ಮ ಜಿಲ್ಲೆಯಲ್ಲೇ, ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ. ಒಲೆಯ ಹಾಗೆ ಮಣ್ಣಿನ ಬ್ಲಾಕಿನ ಮೇಲೂ ಅಲ್ಲಿನವರು ದಶಕಗಟ್ಟಲೆ ಕೆಲಸ ಮಾಡಿದರು. ಕೆ.ಎಸ್. ಜಗದೀಶ್, ಬಿ.ವಿ. ವೆಂಕಟರಾಮ ರೆಡ್ಡಿ, ಈ ಎರಡು ಹೆಸರು ಬರೆದಿಟ್ಟುಕೊಳ್ಳಿ. ಮಣ್ಣಿನ ಕಟ್ಟಡದ ಬಗ್ಗೆ ಹುಡುಕುವಾಗ ಈ ಹೆಸರುಗಳನ್ನು ಸೇರಿಸಿದರೆ ಜಾಹೀರಾತು ಕಮ್ಮಿಯಾಗಿ ಲೆಕ್ಕಾಚಾರ ಜಾಸ್ತಿಯಾಗುತ್ತದೆ. ಇವರಿಬ್ಬರೂ 2003ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ, ಶೇ. 6 ಸಿಮೆಂಟ್ ಹಾಕಿದ ಮಣ್ಣಿನ ಬ್ಲಾಕ್ ತಯಾರಿಸಲು ಖರ್ಚಾಗುವ ಇಂಧನ ಶಕ್ತಿ ಸುಟ್ಟ ಇಟ್ಟಿಗೆಗೆ ಖರ್ಚಾಗುವುದರ ಸುಮಾರು ಕಾಲು ಭಾಗ ಮಾತ್ರ ಅಂತ ತೋರಿಸಿದ್ದಾರೆ. ‘ಮಣ್ಣಿನ ಮನೆಯಿಂದ ಏನು ಉಪಯೋಗ’ ಅಂತ ಮನೆಯಲ್ಲಿ ಭಾವ ತಕರಾರು ಎತ್ತಿದರೆ ಈ ಒಂದು ಅಂಕಿ ಸಾಕು. ಅಸ್ತ್ರ ಈಗ ಅದೇ ಸಂಸ್ಥೆಯ ಸೆಂಟರ್ ಫಾರ್ ಸಸ್ಟೇನಬಲ್ ಟೆಕ್ನಾಲಜೀಸ್ ಆಗಿದೆ.

ಹುಡುಕುವಾಗ ‘ಸ್ಟೆಬಿಲೈಸ್ಡ್ ಮಡ್ ಬ್ಲಾಕ್’ ಅಂತ ಇಂಗ್ಲಿಷಿನಲ್ಲಿ ಹಾಕಿ, ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಬ್ಲಾಕಿಗೆ ಅದೇ ಹೆಸರು. ಆರೊವಿಲ್ ಕಡೆಯವರು ಅದನ್ನೇ ಸಿಎಸ್‌ಇಬಿ (CSEB) ಅನ್ನುತ್ತಾರೆ, ಅದನ್ನೂ ಹಾಕಿ. ಪುದುಚೇರಿ ಹತ್ತಿರದ ಆರೊವಿಲ್ ಅರ್ತ್ ಇನ್‌ಸ್ಟಿಟ್ಯೂಟಿನಲ್ಲಿ ಕೈಯಾರೆ ಕಲಿಸುವ ತರಬೇತಿ ನಡೆಯುತ್ತದೆ, ಆರಮ್ (Auram) ಅನ್ನುವ ಒತ್ತುಯಂತ್ರ ಅಲ್ಲಿಯದೇ. ಬೆಂಗಳೂರಿನಲ್ಲಿ ‘ಮೃಣ್ಮಯೀ’ಯವರ ಮರ್ದಿನಿ ಯಂತ್ರ ಇದೆ. ಯಂತ್ರ ಕೊಳ್ಳಬೇಕಿಲ್ಲ. ಬಾಡಿಗೆಗೆ ಯಾರ ಹತ್ತಿರ ಇದೆ ಅಂತ ಕೇಳಿ. ಯಂತ್ರ ಇರುವವರ ಜೊತೆ ಅದನ್ನು ಒತ್ತುವ ಹುಡುಗರ ತಂಡವೂ ಇರುತ್ತದೆ. ನಿಮಗೆ ನಿಜವಾಗಿ ಬೇಕಾದದ್ದು ಆ ತಂಡ.

ಆ ತಂಡದ ಕೆಲಸ ಗೊತ್ತಾ ಇಲ್ಲವಾ ಅಂತ ತಿಳಿಯುವುದು ಹೀಗೆ. ಕುಣಿಗಲ್ ಕಡೆಯ ಒಬ್ಬ ಹಿರಿಯ ಮೇಸ್ತ್ರಿ ನನ್ನೆದುರಿಗೆ ಮಾಡಿ ತೋರಿಸಿದ್ದು. ಸಿಮೆಂಟ್ ಕಲಸಿದ ಮಣ್ಣನ್ನು ಒಂದು ಹಿಡಿ ತೆಗೆದುಕೊಂಡು ರಾಗಿಮುದ್ದೆಯ ಹಾಗೆ ಉಂಡೆ ಮಾಡಿದರು. ಅಂಗೈಗೆ ಮೆತ್ತಿಕೊಳ್ಳಲಿಲ್ಲ. ಎದೆಯ ಎತ್ತರಕ್ಕೆ ಹಿಡಿದು ಗಟ್ಟಿ ನೆಲದ ಮೇಲೆ ಬಿಟ್ಟರು. ನಾಲ್ಕೈದು ಚೂರಾಯಿತು. “ಇದು ಹದ ಮೇಡಂ. ಚಪ್ಪಟೆ ಆದ್ರೆ ನೀರು ಜಾಸ್ತಿ, ಪುಡಿ ಆದ್ರೆ ನೀರು ಸಾಲದು” ಅಂದರು. ಗಂಟೆಗೊಮ್ಮೆ ಈ ಉಂಡೆ ಬಿಡುವ ಮೇಸ್ತ್ರಿ ಸಿಕ್ಕರೆ ಬಿಡಬೇಡಿ. ಪೈಪಿನಲ್ಲಿ ನೀರು ಬಿಟ್ಟು ಸುಮ್ನೆ ಸಲಿಕೆ ಆಡಿಸುವವರಾದರೆ ನಮಸ್ಕಾರ ಹೇಳಿ ಕಳಿಸಿ.

ಸಿದ್ಧ ಬ್ಲಾಕ್ ಕೊಳ್ಳುವವರು ತಕ್ಕಡಿ ತೆಗೆದುಕೊಂಡು ಹೋಗಿ. ನಗಬೇಡಿ. 230×190×100 ಮಿ.ಮೀ. ಅಳತೆಯ ಬ್ಲಾಕ್ ಚೆನ್ನಾಗಿ ಒಣಗಿದ ಮೇಲೆ 8 ಕೆ.ಜಿ. ಆಸುಪಾಸು ತೂಗಬೇಕು. 7 ಕೆ.ಜಿ. ಬಂದರೆ ಒತ್ತಿದ್ದು ಸಾಲದು ಅಂತ ಅರ್ಥ. ಒಂದನ್ನು ರಾತ್ರಿಯೆಲ್ಲ ಬಕೆಟ್ ನೀರಿನಲ್ಲಿ ಮುಳುಗಿಸಿ ಬೆಳಿಗ್ಗೆ ಮೂಲೆಯನ್ನು ಉಗುರಿನಲ್ಲಿ ಕೆರೆಯಿರಿ. ಉದುರಿದರೆ ಬೇಡ. ಎಷ್ಟು ದಿನ ನೀರು ಹಾಕಿ ಕ್ಯೂರಿಂಗ್ ಮಾಡಿದ್ದೀರಿ ಅಂತಲೂ ಕೇಳಿ, ಮೂರು ವಾರಕ್ಕೆ ಕಮ್ಮಿ ಆಗಬಾರದು. ಐಎಸ್ 1725 ಅನ್ನುವುದು ಈ ಬ್ಲಾಕಿನ ಭಾರತೀಯ ಮಾನದಂಡ. ಆ ನಂಬರು ಹೇಳಿ ಪರೀಕ್ಷಾ ವರದಿ ಕೇಳಿದರೆ ಮಾರುವವರ ಮುಖದಲ್ಲೇ ಅರ್ಧ ಉತ್ತರ ಸಿಗುತ್ತದೆ.

ಕರಾವಳಿಯವರಿಗೆ ಇಷ್ಟೆಲ್ಲ ತಲೆಬಿಸಿ ಬೇಡ. ಅಲ್ಲಿ ಮುರಕಲ್ಲು ಇದೆ. ಕಲಬುರಗಿ ಕಡೆ ಶಹಾಬಾದ್ ಕಲ್ಲು ಇದೆ. ನಮ್ಮಲ್ಲಿ ಪಾಯಕ್ಕೆ ಸೈಜುಗಲ್ಲು ಹತ್ತಿರದಲ್ಲೇ ಸಿಗುತ್ತದೆ. ಲಾರಿ ಬಾಡಿಗೆ ಎಷ್ಟು ಕಿಲೋಮೀಟರ್ ಅಂತ ಕೇಳುವುದೇ ಹಸಿರು ವಸ್ತುವಿನ ಮೊದಲ ಪರೀಕ್ಷೆ. ರಾಜಸ್ಥಾನದಿಂದ ಬಂದ ‘ನೈಸರ್ಗಿಕ’ ಕಲ್ಲಿಗಿಂತ ಪಕ್ಕದ ತಾಲ್ಲೂಕಿನದ್ದು ಮೇಲು.

ಪುಕ್ಕಟೆ ಓದಲು ಸಿಗುವ ಕಾಗದಗಳು

ಜನ ದುಡ್ಡು ಕೊಟ್ಟು ಡಿಸೈನ್ ಕೋರ್ಸ್ ಸೇರುತ್ತಾರೆ. ಸರ್ಕಾರದ್ದೇ ಒಳ್ಳೆಯ ಕಾಗದಗಳು ಪುಕ್ಕಟೆ ಬಿದ್ದಿವೆ, ಯಾರೂ ತೆರೆಯಲ್ಲ. ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್, ವೆಬ್‌ಸೈಟಿನಲ್ಲಿ ಹೆಸರು ನೋಂದಾಯಿಸಿದರೆ ಮಾನದಂಡಗಳನ್ನು ಇಳಿಸಿಕೊಳ್ಳಬಹುದು. ದೆಹಲಿಯ ಬಿಎಂಟಿಪಿಸಿ, ಅಂದರೆ ಕಟ್ಟಡ ಸಾಮಗ್ರಿ ಮತ್ತು ತಂತ್ರಜ್ಞಾನದ ಉತ್ತೇಜನಕ್ಕಿರುವ ಕೇಂದ್ರ ಸರ್ಕಾರದ ಮಂಡಳಿ, 1990ರಿಂದ ಹೊಸ ಕಟ್ಟಡ ಸಾಮಗ್ರಿಗಳ ಬಗ್ಗೆ ಪ್ರಕಟಿಸುತ್ತಾ ಬಂದಿದೆ. ಕೇರಳದ ಕಾಸ್ಟ್‌ಫೋರ್ಡ್, 1985ರಲ್ಲಿ ತ್ರಿಶೂರಿನಲ್ಲಿ ಶುರುವಾದದ್ದು, ಕಡಿಮೆ ಖರ್ಚಿನ ಮನೆಗಳಿಗೆ ಹೆಸರಾದ ಆರ್ಕಿಟೆಕ್ಟ್ ಲಾರಿ ಬೇಕರ್ ಅವರ ದಾರಿಯಲ್ಲಿ ಕಟ್ಟುವವರ ಗುಂಪು. ಅವರು ಗೋಡೆ ಕಟ್ಟುವ ಒಂದು ಬಗೆ ನೋಡಿ: ರ್‍ಯಾಟ್ ಟ್ರ್ಯಾಪ್ ಬಾಂಡ್‌ನಲ್ಲಿ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಗೋಡೆಯ ಒಳಗೆ ಟೊಳ್ಳು ಬಿಡುತ್ತಾರೆ. ಇಟ್ಟಿಗೆಯಲ್ಲಿ ಕಾಲು ಭಾಗ ಉಳಿತಾಯ ಆಗುತ್ತದೆ, ಬಿಸಿಲೂ ಬೇಗ ಒಳಗೆ ಬರಲ್ಲ. ಅದರ ಚಿತ್ರ ಒಂದು ಇದ್ದರೆ ಜಾಣ ಮೇಸ್ತ್ರಿ ಅರ್ಧ ದಿನದಲ್ಲಿ ಕಲಿಯುತ್ತಾನೆ.

ಇವುಗಳಲ್ಲಿ ನಾನು ಅತಿ ಹೆಚ್ಚು ಬಳಸುವುದು ಇಕೋ ನಿವಾಸ್ ಸಂಹಿತಾ. ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ವಾಸದ ಮನೆಗಳಿಗೆ ಅಂತ ತಂದ ಇಂಧನ ಉಳಿತಾಯದ ಸಂಹಿತೆ ಅದು. ತುಂಬ ಸೂತ್ರಗಳಿವೆ, ಹೆದರಬೇಡಿ. ನಿಮಗೆ ಬೇಕಾದದ್ದು ಒಂದು ಕೋಷ್ಟಕ: ನೆಲದ ವಿಸ್ತೀರ್ಣಕ್ಕೆ ತೆರೆಯುವ ಕಿಟಕಿ ಎಷ್ಟಿರಬೇಕು. ಬೆಂಗಳೂರಿನಂಥ ಸಮಶೀತೋಷ್ಣ ಹವೆಗೆ ಶೇ. 12.5, ಮಂಗಳೂರಿನಂಥ ಸೆಕೆ ಊರಿಗೆ ಶೇ. 16.66. ಲೆಕ್ಕ ಇರುವುದು ಇಡೀ ಮನೆಗೆ, ಆದರೆ ಕೋಣೆವಾರು ನೋಡಿದರೂ ಅಂದಾಜು ಸಿಗುತ್ತೆ. 10×12 ಅಡಿ ಕೋಣೆ ಅಂದರೆ 120 ಚದರ ಅಡಿ. ಬೆಂಗಳೂರಿನಲ್ಲಿ 15 ಚದರ ಅಡಿ ತೆರೆದುಕೊಳ್ಳಬೇಕು, ಮಂಗಳೂರಿನಲ್ಲಿ 20. ಈಗ ನಿಮ್ಮ ಪ್ಲಾನ್ ತೆಗೆಯಿರಿ. 5×4 ಅಡಿಯ ಸ್ಲೈಡಿಂಗ್ ಕಿಟಕಿ ಬರೆದಿದ್ದಾರಾ? ಕಾಗದದ ಮೇಲೆ 20 ಚದರ ಅಡಿ. ಎರಡು ಕದದ ಸ್ಲೈಡಿಂಗ್ ಅರ್ಧ ಮಾತ್ರ ತೆರೆಯುತ್ತೆ, ಹಾಗಾಗಿ ಗಾಳಿಗೆ ಸಿಗುವುದು 10. ಅದೇ ಅಳತೆಯ ಹಳೇ ಕಾಲದ ಕೀಲಿನ ಕಿಟಕಿ ಪೂರ್ತಿ ತೆರೆಯುತ್ತೆ. ಅಷ್ಟೂ ಮಾಡಿ ಆಮೇಲೆ ಏಸಿ ಯಾವುದು ತಗೊಳ್ಳೋಣ ಅಂತ ಕೇಳುವುದು ನಮ್ಮ ಜನ.

‘ಗೃಹ’ (GRIHA), ಐಜಿಬಿಸಿ ಅಂತ ಹಸಿರು ಕಟ್ಟಡಕ್ಕೆ ಅಂಕ ಕೊಡುವ ವ್ಯವಸ್ಥೆಗಳಿವೆ. ಗೃಹದಲ್ಲಿ 2500 ಚದರ ಮೀಟರ್‌ಗಿಂತ ಚಿಕ್ಕ ಕಟ್ಟಡಗಳಿಗೆ ಸ್ವಗೃಹ ಅಂತ ಬೇರೆ ಇದೆ. 10 ಚದರದ, ಅಂದರೆ 1000 ಚದರ ಅಡಿಯ, ಮನೆಗೆ ಸರ್ಟಿಫಿಕೇಟ್ ಮಾಡಿಸುವುದು ನನ್ನ ಪ್ರಕಾರ ದಂಡ. ಅವರ ಚೆಕ್‌ಲಿಸ್ಟ್ ಮಾತ್ರ ಓದಿ. ನೀರು, ಬೆಳಕು, ಕಸ, ಸಾಮಗ್ರಿ, ಯಾವುದನ್ನು ಮರೆತಿದ್ದೀರಿ ಅಂತ ಗೊತ್ತಾಗುತ್ತೆ.

ನೀರಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ, ಯಾಕಂದರೆ ಇದರಲ್ಲಿ ಮಾಹಿತಿಗೆ ಬರ ಇಲ್ಲ. ಬೆಂಗಳೂರಿನಲ್ಲಿ 2009ರಿಂದ 30×40 ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹೊಸ ಮನೆಗೆ ಮಳೆನೀರು ಕೊಯ್ಲು ಕಡ್ಡಾಯ. ಜಯನಗರದಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಥೀಮ್ ಪಾರ್ಕ್ ಇದೆ. ಫಿಲ್ಟರ್, ಇಂಗುಗುಂಡಿ ಎಲ್ಲ ಕಣ್ಣಾರೆ ನೋಡಬಹುದು. ಮೇಸ್ತ್ರಿಯನ್ನೂ ಪ್ಲಂಬರನ್ನೂ ಜೊತೆಗೆ ಕರೆದುಕೊಂಡು ಹೋಗಿ, ನೀವೊಬ್ಬರೇ ನೋಡಿ ಬಂದು ಬಾಯಲ್ಲಿ ಹೇಳಿದರೆ ಆಗಲ್ಲ. ಲೆಕ್ಕ ಸುಲಭ: ಒಂದು ಚದರ ಮೀಟರ್ ಸೂರಿನ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. 10 ಚದರದ ಸೂರು ಅಂದರೆ 93 ಚದರ ಮೀಟರ್. ಅದನ್ನು ಮಳೆಯ ಮಿ.ಮೀ.ಯಿಂದ ಗುಣಿಸಿದರೆ ಅಷ್ಟು ಲೀಟರ್. ನಿಮ್ಮ ಹೋಬಳಿಯ ಮಳೆ ಎಷ್ಟು ಅಂತ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿ ಸಿಗುತ್ತದೆ, ರೈತರಿಗೆ ‘ವರುಣ ಮಿತ್ರ’ ಸಹಾಯವಾಣಿ ನಡೆಸುವವರು ಅವರೇ. ಕನ್ನಡದಲ್ಲೇ ಓದಬೇಕು ಅನ್ನುವವರಿಗೆ ಪುತ್ತೂರಿನ ಕೃಷಿ ಮಾಸಿಕ ‘ಅಡಿಕೆ ಪತ್ರಿಕೆ’ಯ ಹಳೇ ಸಂಚಿಕೆಗಳಿವೆ. ಕರೆಂಟಿನ ವಿಷಯಕ್ಕೆ 2024ರಲ್ಲಿ ಬಂದ ಪಿಎಂ ಸೂರ್ಯ ಘರ್ ಪೋರ್ಟಲ್ ನೋಡಿ, 3 ಕಿಲೋವಾಟ್ ಸೋಲಾರಿಗೆ 78,000 ರೂಪಾಯಿ ಸಹಾಯಧನ ಅಂತ ಯೋಜನೆಯಲ್ಲಿದೆ.

ವಾಸ ಇರುವ ಮನೆಗೆ ಹೋಗಿ

ಆರ್ಕಿಟೆಕ್ಟ್ ತೋರಿಸುವುದು ಹೊಸ ಮನೆ. ಗೃಹಪ್ರವೇಶದ ವಾರ ಯಾವ ಮನೆ ಚೆನ್ನಾಗಿರಲ್ಲ ಹೇಳಿ? “ನೀವು ಎಂಟು ಹತ್ತು ವರ್ಷದ ಹಿಂದೆ ಕಟ್ಟಿದ ಒಂದು ಮನೆಯ ವಿಳಾಸ ಕೊಡಿ” ಅಂತ ಕೇಳಿ. ಕೊಡಲು ಹಿಂಜರಿದರೆ ಅದೂ ಒಂದು ಮಾಹಿತಿ. ಬೆಂಗಳೂರಿನಲ್ಲಿ ಚಿತ್ರಾ ವಿಶ್ವನಾಥ್ ಅವರ ಬಯೋಮ್ ಸಂಸ್ಥೆಯಂಥವರು ಬಹಳ ವರ್ಷದಿಂದ ಮಣ್ಣಿನ ಮನೆ ಕಟ್ಟುತ್ತಿದ್ದಾರೆ. ಅಂದರೆ ಮಳೆಗಾಲಗಳನ್ನು ಕಂಡ ಮನೆಗಳು ನೋಡಲು ಇವೆ.

ಹೋಗುವುದಾದರೆ ಏಪ್ರಿಲ್ ಮಧ್ಯಾಹ್ನ ಮೂರು ಗಂಟೆಗೆ ಹೋಗಿ, ಇಲ್ಲವೇ ಜೋರು ಮಳೆ ಬಂದ ಮಾರನೇ ದಿನ. ಅಂಗಳದಲ್ಲಿ ನಿಂತು ವಾಹ್ ಅನ್ನಬೇಡಿ. ಸೀದಾ ಬಚ್ಚಲಮನೆಯ ಹೊರಗೋಡೆಗೆ ನಡೆಯಿರಿ. ಆಮೇಲೆ ಮಳೆ ಹೊಡೆಯುವ ದಿಕ್ಕಿನ ಗೋಡೆಯ ಕೆಳಗಿನ ಒಂದಡಿ. ಬ್ಲಾಕಿನ ಅಂಚು ಸವೆದಿದೆಯಾ, ಬಿಳಿ ಉಪ್ಪು ಕಟ್ಟಿದೆಯಾ, ಗೆದ್ದಲಿನ ದಾರಿ ಇದೆಯಾ ನೋಡಿ. ಕಿಟಕಿ ಮೇಲಿನ ಸಜ್ಜೆ ಎಷ್ಟು ಮುಂದಕ್ಕೆ ಚಾಚಿದೆ ಅಂತ ಅಳೆಯಿರಿ. ಮನೆಯ ಯಜಮಾನರಿಗಿಂತ ಅಡುಗೆಮನೆಯಲ್ಲಿ ಇರುವವರ ಹತ್ತಿರ ಮಾತಾಡಿ. ಯಜಮಾನರು ತತ್ವ ಹೇಳುತ್ತಾರೆ. “ಆ ಕಿಟಕಿಯಿಂದ ಎರಚಲು ಬರತ್ತಮ್ಮ, ಪ್ರತಿ ವರ್ಷ ಗೋಣಿಚೀಲ ಹಾಕ್ತೀನಿ” ಅಂತ ಹೇಳುವುದು ಅತ್ತೆಯೋ ಅಡುಗೆಯವರೋ. ಮತ್ತೆ ಕಟ್ಟಿದರೆ ಏನು ಬದಲಾಯಿಸುತ್ತೀರಿ ಅಂತ ಒಂದು ಪ್ರಶ್ನೆ ಕೇಳಿ ಸುಮ್ಮನೆ ಕೂತುಬಿಡಿ.

ಹೊರಡುವ ಮೊದಲು ಮೇಸ್ತ್ರಿಯ ನಂಬರು ಕೇಳಿ. ಜಿಲ್ಲೆಯ ನಿರ್ಮಿತಿ ಕೇಂದ್ರದಲ್ಲೂ ವಿಚಾರಿಸಿ. ಕಡಿಮೆ ಖರ್ಚಿನ ಕಟ್ಟಡ ವಿದ್ಯೆ ಹರಡಲಿ ಅಂತಲೇ ಆ ಕೇಂದ್ರಗಳು ಹುಟ್ಟಿದ್ದು. ಈಗ ಸರ್ಕಾರಿ ಕಾಮಗಾರಿ ಜಾಸ್ತಿ, ಆದರೆ ಹಳೇ ತರಬೇತಿ ಪಡೆದ ಮೇಸ್ತ್ರಿಗಳ ಗುರುತು ಅಲ್ಲಿ ಸಿಗುವ ಸಾಧ್ಯತೆ ಇದೆ.

ಒಳಾಂಗಣ: ಇಲ್ಲಿ ಮೋಸ ಜಾಸ್ತಿ

ಗೋಡೆಗಿಂತ ಒಳಗಿನ ಕೆಲಸದಲ್ಲಿ ‘ಇಕೋ’ ಅನ್ನುವ ಸ್ಟಿಕ್ಕರ್ ಅಗ್ಗ. ಒಂದು ಅಂಗಡಿಯಲ್ಲಿ ನನಗೆ ಎಲೆ ಚಿತ್ರದ ಹಸಿರು ಮುದ್ರೆ ಒತ್ತಿದ ಪ್ಲೈವುಡ್ ತೋರಿಸಿದರು. ಐಎಸ್‌ಐ ಗುರುತಿನ ಕೆಳಗೆ ಲೈಸೆನ್ಸ್ ನಂಬರೇ ಇರಲಿಲ್ಲ. ಆ ನಂಬರು ಸಿಎಂ/ಎಲ್ ಅಂತ ಶುರುವಾಗುತ್ತೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಲೈಸೆನ್ಸ್ ಯಾರದ್ದು, ಚಾಲ್ತಿಯಲ್ಲಿದೆಯಾ ಅಂತ ಅಂಗಡಿಯಲ್ಲೇ ನಿಂತು ನೋಡಬಹುದು. ಸಾಮಾನ್ಯ ಪ್ಲೈಗೆ ಐಎಸ್ 303, ನೀರು ತಾಗುವ ಜಾಗದ ಮರೀನ್ ಪ್ಲೈಗೆ ಐಎಸ್ 710. ಇದರ ಮೇಲೆ ಇ0 ಅಥವಾ ಇ1 ಅಂತ ಕೇಳಿ. ಅಂಟಿನಿಂದ ಹೊರಬರುವ ಫಾರ್ಮಾಲ್ಡಿಹೈಡ್ ಎಷ್ಟು ಕಮ್ಮಿ ಅಂತ ಹೇಳುವ ಗುರುತು ಅದು, ಎರಡರಲ್ಲಿ ಇ0 ಮೇಲು. ಹೊಸ ವಾರ್ಡ್‌ರೋಬ್ ತೆಗೆದಾಗ ಕಣ್ಣುರಿ ಬರುವುದು ಈ ಅನಿಲದಿಂದಲೇ.

ಅದಕ್ಕಿಂತ ಒಳ್ಳೆಯದು ಹಳೇ ಮರ. ನಿಮ್ಮೂರಲ್ಲಿ ಹಳೇ ಮನೆ ಕೆಡವುವ ಗುತ್ತಿಗೆದಾರರು ಯಾರು ಅಂತ ಗುಜರಿಯವರನ್ನು ಕೇಳಿದರೆ ಹೇಳುತ್ತಾರೆ. ಬಾಗಿಲು, ತೊಲೆ, ಜಂತೆ ಸಿಗುತ್ತವೆ. ತೇಗ ಅಂತ ಹೇಳಿ ಬೇರೇನೋ ಕೊಡುವುದುಂಟು. ಅನುಮಾನ ಇದ್ದರೆ ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಶುಲ್ಕ ಕಟ್ಟಿ ತುಂಡು ತೋರಿಸಿದರೆ ಯಾವ ಮರ ಅಂತ ಗುರುತಿಸಿಕೊಡುತ್ತಾರೆ. ಬಡಗಿಗೆ ಮೊದಲೇ ಹೇಳಿರಿ. ಹಳೇ ಮರದಲ್ಲಿ ಮೊಳೆ ಇರುತ್ತೆ, ಗರಗಸದ ಹಲ್ಲು ಹೋಗುತ್ತೆ, ಕೂಲಿ ಜಾಸ್ತಿ ಕೇಳುತ್ತಾನೆ. ಕೇಳಲಿ, ನ್ಯಾಯವೇ.

ಮಣ್ಣಿನ ಗೋಡೆಗೆ ಪ್ಲಾಸ್ಟಿಕ್ ಪೇಂಟ್ ಬೇಡ, ಒಳಗಿನ ತೇವ ಹೊರಗೆ ಹೋಗಲು ದಾರಿ ಇರಲ್ಲ. ಸುಣ್ಣ ಸಾಕು, ಬಣ್ಣ ಬೇಕಾದರೆ ಅದಕ್ಕೇ ಆಕ್ಸೈಡ್ ಬಣ್ಣದ ಪುಡಿ ಬೆರೆಸಿ. ನೆಲಕ್ಕೆ ರೆಡ್ ಆಕ್ಸೈಡ್ ಚೆಂದ, ಆದರೆ ಗೊತ್ತಿರುವ ಗಾರೆಯವರು ಕಮ್ಮಿ ಆಗಿದ್ದಾರೆ. ಯಾರು ಬಂದರೂ ಮೊದಲು ಒಂದಡಿ ಚೌಕ ಮಾಡಿ ತೋರಿಸಲು ಹೇಳಿ, ವಾರ ಬಿಟ್ಟು ನೋಡಿ, ಬಿರುಕಿಲ್ಲದಿದ್ದರೆ ಮುಂಗಡ ಕೊಡಿ. ಫ್ಯಾನ್ ಕೊಳ್ಳುವಾಗ ಕರೆಂಟ್ ಕಮ್ಮಿ ಎಳೆಯುವ ಬಿಎಲ್‌ಡಿಸಿ ಕೇಳಿ. ಹಳೇ ಫ್ಯಾನ್ 75 ವಾಟ್ ಎಳೆಯುವಲ್ಲಿ ಇದು 30ರ ಆಸುಪಾಸು ಎಳೆಯುತ್ತೆ.

ಕಪಾಟಿನ ಹಿಡಿಗಳಿಗೆ ಚನ್ನಪಟ್ಟಣಕ್ಕೆ ಹೋಗಿ. ಆಟಿಕೆ ಮಾಡುವ ಅದೇ ಹಾಲೆ ಮರ, ಅದೇ ಅರಗಿನ ಬಣ್ಣ, ಬೇಕಾದ ಅಳತೆಗೆ ಕಡೆದು ಕೊಡುತ್ತಾರೆ. ಕಪಾಟಿನ ಕದ ಎಷ್ಟು ದಪ್ಪ ಅಂತ ಬಡಗಿಯಿಂದ ಬರೆಸಿಕೊಂಡು ಹೋಗಿ, 18 ಮಿ.ಮೀ. ಪ್ಲೈಗೆ ಹೊಂದುವ ಸ್ಕ್ರೂ ಜೊತೆಗೇ ಕೇಳಿ. ಬಡಗಿ ತೂತು ಕೊರೆಯುವ ಮೊದಲು ಒಂದು ಹಿಡಿಯನ್ನಾದರೂ ತಂದು ಅವನ ಕೈಗೆ ಕೊಡಿ.